ಯಾರು ಕೇಳಿದ್ರು ಬಿಳಿ ಮಾಡು ಅಂತ?

ಸಿಟ್ಟು ಇಳಿದ ಮೇಲೆ ಬರೆಯೋಣ ಅಂತ ಎರಡು ದಿನ ಕಾದೆ. ಇಳಿಯಲಿಲ್ಲ. ಹಾಗಾಗಿ ಇದು ಉದ್ದ ಆಗುತ್ತೆ, ಬೇಜಾರಾದವರು ಲೈಕ್ ಒತ್ತಿ ಮುಂದೆ ಹೋಗಬಹುದು.

ಶನಿವಾರ ಅಕ್ಕನ ಮಗಳನ್ನು ಕರೆದುಕೊಂಡು ರಾಯಚೂರಿನ ಸ್ಟೇಷನ್ ರಸ್ತೆ ಕಡೆಯ ಒಂದು ಫೋಟೊ ಸ್ಟುಡಿಯೊಗೆ ಹೋಗಿದ್ದೆ. ಯಾವುದು ಅಂತ ಕೇಳಬೇಡಿ, ಹೇಳಲ್ಲ. ಗಂಡಿನ ಕಡೆಯವರಿಗೆ ಕಳಿಸುವ ಫೋಟೊ ತೆಗೆಸಬೇಕಿತ್ತು. ಹುಡುಗಿ ಅವರಮ್ಮನ ಇಳಕಲ್ ಸೀರೆ ಉಟ್ಟಿದ್ದಳು. ಕನ್ನಡಿ ಮುಂದೆ ನಿಂತಾಗ ನನಗೇ ಒಂದು ಕ್ಷಣ ದೃಷ್ಟಿ ತೆಗೆಯಬೇಕು ಅನ್ನಿಸಿತ್ತು, ಅಷ್ಟು ಚೆನ್ನಾಗಿ ಕಾಣ್ತಿದ್ದಳು. ಸ್ಟುಡಿಯೊ ಹುಡುಗ ನಾಲ್ಕು ಫೋಟೊ ಹೊಡೆದು, "ಅರ್ಧ ತಾಸು ಬಿಟ್ಟು ಬರ್ರಿ" ಅಂದ. ನಾವು ಹೋಗಿ ಮಿರ್ಚಿ ತಿಂದು, ಚಹಾ ಕುಡಿದು ಬಂದೆವು.

ಬಂದು ನೋಡಿದರೆ ಕಂಪ್ಯೂಟರಿನಲ್ಲಿ ಯಾರೋ ಕೂತಿದ್ದಾಳೆ. ಮೂಗು ನಮ್ಮ ಮನೆಯದೇ. ಸೀರೆಯೂ ನಮ್ಮದೇ, ಆದರೆ ಸೆರಗಿನ ಕೆಂಪು ಗುಲಾಬಿಗೆ ತಿರುಗಿದೆ. ಮುಖ ಮಾತ್ರ ಸುಣ್ಣ ಬಳಿದ ಗೋಡೆ.

"ತಮ್ಮಾ, ಯಾರಪ್ಪಾ ಇಕಿ?"

"ನಿಮ್ಮ ಹುಡುಗೀನೇ ರೀ ಮೇಡಂ."

"ಮುಖ ಯಾಕ ಹಿಂಗಾಗ್ಯಾದ?"

"ಸ್ವಲ್ಪ ಬ್ರೈಟ್ ಮಾಡೀನ್ರಿ. ಲಗ್ನದ ಫೋಟೊ ಅಲ್ಲೇನ್ರಿ, ಎಲ್ಲಾರೂ ಮಾಡಸ್ತಾರ್ರಿ."

"ನಾವು ಹೇಳಿದ್ವೇನು?"

"ಅದರಾಗ ಹೇಳಾದೇನದ ರೀ?"

ಹೇಳೋದೇನಿದೆ! ಎರಡು ದಿನದಿಂದ ನನ್ನ ತಲೆ ಕೊರೀತಿರೋದು ಇದೇ ಮಾತು. ಪಾಸ್‌ಪೋರ್ಟ್ ಸೈಜ್ ಬೇಕಾ, ಪೋಸ್ಟ್‌ಕಾರ್ಡ್ ಸೈಜ್ ಬೇಕಾ ಅಂತ ಕೇಳಿದ. ಲ್ಯಾಮಿನೇಷನ್ ಕೇಳಿದ. ಮುಖದ ಬಣ್ಣ ಬದಲಿಸಬೇಕಾ ಅಂತ ಮಾತ್ರ ಕೇಳಲಿಲ್ಲ. ಕೇಳುವಂಥ ವಿಷಯ ಅಂತ ಅವನಿಗೆ ಅನ್ನಿಸಿಯೇ ಇಲ್ಲ. ಅವನನ್ನು ಬೈಯಲೂ ಮನಸ್ಸು ಬರಲಿಲ್ಲ. ಅವನೂ ನನ್ನ ಬಣ್ಣದವನೇ. ಹಿಂದಿನ ಗೋಡೆ ಮೇಲೆ ಅವನದೇ ಒಂದು ಫೋಟೊ ಇತ್ತು, ಕೂಲಿಂಗ್ ಗ್ಲಾಸ್ ಹಾಕಿಕೊಂಡು ನಿಂತದ್ದು. ಅದರಲ್ಲಿ ಅವನೂ ಸುಣ್ಣ.

ನನ್ನ ಬಣ್ಣ ನಿಮಗೆಲ್ಲ ಗೊತ್ತೇ ಇದೆ. ಕಾಲೇಜಿನ ಗ್ರೂಪ್ ಫೋಟೊದಲ್ಲಿ ನನ್ನನ್ನು ಹಲ್ಲು ನೋಡಿ ಹುಡುಕಬೇಕು ಅಂತ ಹೇಳಿ ನಕ್ಕವರು ಇದೇ ಫ್ರೆಂಡ್ ಲಿಸ್ಟಿನಲ್ಲಿ ಇದ್ದೀರಿ. ನಾನೂ ನಕ್ಕಿದ್ದೆ. ಅದು ಬೇರೆ ಲೆಕ್ಕ, ಇನ್ನೊಮ್ಮೆ ತೀರಿಸೋಣ.

ಈ ಹುಡುಗಿ ಓದಿದ್ದು ಕೃಷಿ. ಕೆಲಸ ಮಾಡೋದು ಮಣ್ಣು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ. ದಿನಾ ಬೆಳಿಗ್ಗೆ ರೈತರು ಪ್ಲಾಸ್ಟಿಕ್ ಚೀಲದಲ್ಲಿ ಮಣ್ಣು ತಂದು ಅವಳ ಮುಂದೆ ಇಡ್ತಾರೆ. ನಮ್ಮ ಕಡೆ ಹೊಲ ಕೊಳ್ಳುವವನು ಮೊದಲು ಏನು ಕೇಳ್ತಾನೆ? "ಕರಿ ಎರೀನೋ, ಮಸಾರಿಯೋ?" ಮಸಾರಿ ಅಂದರೆ ಕೆಂಪು ಮಣ್ಣು. ಕರಿ ಅಂದ ಕೂಡಲೇ ರೇಟು ಏರುತ್ತೆ. ಯಾಕಂದ್ರೆ ಎರೆ ಮಣ್ಣು ಮಳೆ ನೀರು ಕುಡಿದು ಉಬ್ಬುತ್ತೆ, ಆ ತೇವ ಹಿಡಿದಿಟ್ಟುಕೊಳ್ಳುತ್ತೆ. ಮಳೆ ನಿಂತ ಮೇಲೂ ಅದೇ ತೇವದಲ್ಲಿ ಹಿಂಗಾರಿ ಜೋಳ, ಕಡಲೆ ಬರುತ್ತವೆ. ನಾವು ಜಂಬದಿಂದ ತಟ್ಟೆಗೆ ಹಾಕಿಕೊಳ್ಳುವ ಬಿಳಿಜೋಳದ ರೊಟ್ಟಿ ಬಂದದ್ದು ಕರಿ ನೆಲದಿಂದ. ನೆಲ ಕರಿ ಇರಬೇಕು, ಎಮ್ಮೆ ಕರಿ ಇರಬೇಕು. ಸೊಸೆ ಮಾತ್ರ ಕೆಂಪಗೆ ಇರಬೇಕು.

ಹೌದು, ಕೆಂಪಗೆ. ನಮ್ಮ ಕಡೆ ಬೆಳ್ಳಗಿರುವವರನ್ನು ಕೆಂಪಗದಾರೆ ಅಂತಾರೆ. ಕಪ್ಪಗಿರುವವರನ್ನು ಕಪ್ಪು ಅನ್ನೋದಿಲ್ಲ. ಎದುರಿಗೆ ಇದ್ದರಂತೂ ಅನ್ನೋದೇ ಇಲ್ಲ. ಎಣ್ಣೆಗೆಂಪು, ಸಾದಗಪ್ಪು, ಗೋಧಿ ಬಣ್ಣ, "ಬಣ್ಣ ಸ್ವಲ್ಪ ಕಡಿಮಿ". ಬಣ್ಣ ಕಡಿಮೆ ಅಂತೆ! ಹತ್ತನೇ ಕ್ಲಾಸಿಗೆ ವಿಜ್ಞಾನ ಪಾಠ ಮಾಡುವವಳು ನಾನು, ಮೈಯೆಲ್ಲ ಉರಿಯುತ್ತೆ. ಚರ್ಮಕ್ಕೆ ಬಣ್ಣ ಕೊಡೋದು ಮೆಲನಿನ್. ಅದನ್ನು ಮಾಡುವ ಕೋಶಗಳ ಸಂಖ್ಯೆ ಬೆಳ್ಳಗಿನವರಲ್ಲೂ ಕಪ್ಪಗಿನವರಲ್ಲೂ ಹೆಚ್ಚುಕಡಿಮೆ ಒಂದೇ. ಅವು ಎಷ್ಟು ಮೆಲನಿನ್ ಮಾಡುತ್ತವೆ, ಎಂಥದ್ದು ಮಾಡುತ್ತವೆ ಅನ್ನೋದರಲ್ಲಿ ವ್ಯತ್ಯಾಸ. ಅಂದರೆ ನಮ್ಮಲ್ಲಿ ಬಣ್ಣ ಜಾಸ್ತಿ ಇದೆ, ಕಡಿಮೆ ಇಲ್ಲ. ಆ ಮೆಲನಿನ್ ಇರೋದೇ ಬಿಸಿಲಿನ ನೇರಳಾತೀತ ಕಿರಣವನ್ನು ತಡೆಯೋಕೆ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಊರಿನಲ್ಲಿ ಕೂತು ಅದನ್ನೇ ಕೊರತೆ ಅನ್ನೋದು, ಮಳೆಗಾಲದಲ್ಲಿ ಕೊಡೆ ಇದ್ದವನನ್ನು ನೋಡಿ ಪಾಪ ಅಂದ ಹಾಗೆ.

ಸ್ಟುಡಿಯೊ ವಿಷಯ ಹೇಳಿದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರು, "ಇದೆಲ್ಲ ಬ್ರಿಟಿಷರು ಕಲಿಸಿ ಹೋದದ್ದು ಮೇಡಂ" ಅಂದರು. ಇರಬಹುದು, ಅವರೂ ಒಂದು ಪಾಲು ಸೇರಿಸಿರಬಹುದು. ಆದರೆ ನಮ್ಮಜ್ಜಿ ಒಬ್ಬ ಬ್ರಿಟಿಷನನ್ನೂ ಕಣ್ಣಿಂದ ನೋಡಿರಲಿಲ್ಲ. ನಮ್ಮದು ನಿಜಾಮರ ರಾಜ್ಯ ಆಗಿತ್ತು, 1948ರವರೆಗೆ. ಅಜ್ಜಿಗೆ ಇದನ್ನು ಕಲಿಸಿದ್ದು ಊರು. ಊರಿನಲ್ಲಿ ಹತ್ತಿ ಬಿಡಿಸಲು ಹೋಗುವವಳು ಕಪ್ಪು, ಗೌಡರ ಮನೆಯ ನೆರಳಲ್ಲಿ ಇರುವವಳು ಕೆಂಪು. ಇಷ್ಟು ನೋಡಿದ ಮೇಲೆ ಯಾವ ಬಣ್ಣಕ್ಕೆ ಮರ್ಯಾದೆ ಅಂತ ಬೇರೆ ಯಾರಾದರೂ ಬಂದು ಹೇಳಬೇಕಾ? ಇವತ್ತಿಗೂ ಹತ್ತಿ ಹೊಲದ ಹೆಂಗಸರು ಸೀರೆ ಮೇಲೆ ಗಂಡನ ಹಳೇ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಟವೆಲ್ ಸುತ್ತಿಕೊಂಡು ಇಳೀತಾರೆ. ನಮ್ಮ ಕಾಲೇಜು ಹುಡುಗಿಯರು ಅದೇ ರೀತಿ ದುಪಟ್ಟಾ ಸುತ್ತಿಕೊಂಡು ಸ್ಕೂಟಿ ಹತ್ತುತಾರೆ, ಕಣ್ಣು ಮಾತ್ರ ಕಾಣುತ್ತೆ. ಬಿಸಿಲಿಗೆ ಹೆದರಿದ್ದು ಒಂದು ಪಾಲು. ಉಳಿದದ್ದು ಬಿಸಿಲಲ್ಲಿ ದುಡಿಯುವವಳ ಹಾಗೆ ಕಂಡೇವು ಅಂತ.

"ನಮ್ಮ ದೇವರೇ ಕಪ್ಪು ಅಲ್ವಾ" ಅನ್ನುವವರು ಇನ್ನೊಂದು ಗುಂಪು. ಸಮಾಧಾನ ಮಾಡೋಕೆ ಬರ್ತಾರೆ, ಪಾಪ. ಹೌದು ಕಣ್ರೀ, ಕೃಷ್ಣ ಅಂದರೇ ಕಪ್ಪು. ದ್ರೌಪದಿಯ ಇನ್ನೊಂದು ಹೆಸರು ಕೃಷ್ಣೆ. ನಮ್ಮ ಜಿಲ್ಲೆಯ ಬಡಗಲಿಗೆ ಹರಿಯುವ ಹೊಳೆಯೂ ಕೃಷ್ಣೆ. ಆದರೆ ಕ್ಯಾಲೆಂಡರಿನಲ್ಲಿ ಕೃಷ್ಣನಿಗೆ ಯಾವ ಬಣ್ಣ ಬಳಿದಿದ್ದೀರಿ ನೋಡಿ ಬನ್ನಿ. ನೀಲಿ! ಅವನನ್ನೂ ಯಾರೂ ಕೇಳಿಲ್ಲ.

ಇನ್ನು ದಪ್ಪ-ಸಣ್ಣದ ಗಲಾಟೆ. ಅದನ್ನು ಬರೆಯೋಕೆ ಕೂತರೆ ರಾತ್ರಿ ಆಗುತ್ತೆ. ನಮ್ಮಜ್ಜಿಗೆ "ಮೈಕೈ ತುಂಬಿಕೊಂಡಾಳ" ಅನ್ನೋದು ದೊಡ್ಡ ಹೊಗಳಿಕೆ. ಬರ ಕಂಡವರು ಅವರು. 1972ರ ಬರದ ಮಾತು ಬಂದರೆ ಅನ್ನದ ಅಗಳನ್ನು ಮುಟ್ಟಿ ಮುಟ್ಟಿ ಊಟ ಮಾಡುತ್ತಿದ್ದರು. ತುಂಬಿದ ಕೆನ್ನೆ ಅಂದರೆ ಆ ಮನೆಯಲ್ಲಿ ಕಾಳು ಇದೆ ಅಂತ ಅರ್ಥ. ಈಗ ಅದೇ ಕೆನ್ನೆ ನೋಡಿ "ಥೈರಾಯ್ಡ್ ಚೆಕ್ ಮಾಡಿಸಿಯೇನು?" ಅಂತ ಕೇಳ್ತಾರೆ, ಮದುವೆ ಮನೆಯ ಪಂಕ್ತಿಯಲ್ಲಿ, ಎಲೆಗೆ ಎರಡನೇ ಹೋಳಿಗೆ ಬೀಳುವ ಹೊತ್ತಿಗೆ ಸರಿಯಾಗಿ. ಅಜ್ಜಿಯ ಮುಂಗೈ ತುಂಬ ಹಚ್ಚೆ ಇತ್ತು. ಅಮ್ಮ ತನ್ನ ಕೈಯ ಹಚ್ಚೆಯನ್ನು ಬಳೆ ಸರಿಸಿ ಮುಚ್ಚಿಕೊಳ್ಳುತ್ತಿದ್ದಳು, ಹಳ್ಳಿಯವಳು ಅಂದಾರು ಅಂತ. ನನ್ನ ಮಗಳು ಹೋದ ವರ್ಷ ಬೆಂಗಳೂರಿನಲ್ಲಿ ಮೂರೂವರೆ ಸಾವಿರ ಕೊಟ್ಟು ಟ್ಯಾಟೂ ಹಾಕಿಸಿಕೊಂಡು ಬಂದಳು. ಅಜ್ಜಿ ಇದ್ದಿದ್ದರೆ ಸೂಜಿ ಹಾಕಿದವರಿಗೆ ಒಂದು ಸೇರು ಜೋಳ ಕೊಟ್ಟು ಮುಗಿಸುತ್ತಿದ್ದಳು.

ಮಗಳ ಮಾತು ಬಂತು. ಬರೆಯಲೋ ಬೇಡವೋ ಅಂತ ಯೋಚಿಸಿದೆ. ಬರೀತೀನಿ. ಅವಳು ಹುಟ್ಟಿದ ದಿನ ನರ್ಸಮ್ಮ ಬಟ್ಟೆ ಸುತ್ತಿ ಕೈಗೆ ಕೊಟ್ಟರು. ನಾನು ಮೊದಲು ನೋಡಿದ್ದು ಮಗುವಿನ ಮುಖ ಅಲ್ಲ, ಕಿವಿ. ಕಿವಿಯ ಅಂಚಿನಲ್ಲಿ ಕಾಣುವ ಬಣ್ಣವೇ ಮುಂದೆ ಮಗುವಿನ ಬಣ್ಣ ಅಂತ ನಮ್ಮಲ್ಲಿ ಹೇಳ್ತಾರಲ್ಲ, ಅದಕ್ಕೆ. ಬಿ.ಎಸ್ಸಿ., ಬಿ.ಇಡಿ. ಮಾಡಿದವಳು. ಒಂಬತ್ತು ತಿಂಗಳು ಕೇಸರಿ ಹಾಲು ಕುಡಿದವಳು, ಅದರಿಂದ ಏನೂ ಆಗಲ್ಲ ಅಂತ ಚೆನ್ನಾಗಿ ಗೊತ್ತಿದ್ದೂ. ಹಾಗಾಗಿ ಆ ಸ್ಟುಡಿಯೊ ಹುಡುಗನ ಮೇಲೆ ಕೂಗಾಡುವ ಮುಂಚೆ ನನ್ನ ನಾಲಿಗೆ ಸ್ವಲ್ಪ ತಡವರಿಸಿತು. ಆಮೇಲೆ ಕೂಗಾಡಿದೆ, ಆ ಮಾತು ಬೇರೆ.

ಗಂಡಸರಿಗೂ ಈ ಕಷ್ಟ ಇದೆ ಅಂತ ಕಾಮೆಂಟ್ ಹಾಕೋಕೆ ಕೆಲವರ ಬೆರಳು ತುರಿಸುತ್ತಿರಬಹುದು. ಇದೆ ಮಾರಾಯರೇ. ಬೋಳು ತಲೆ, ಹೊಟ್ಟೆ, ಗಿಡ್ಡ ಅಂತ ನಿಮ್ಮನ್ನೂ ಆಡಿಕೊಳ್ತಾರೆ. ಆದರೆ ನಮ್ಮ ಮನೆಗೆ ಬಂದಿರುವ ಐದು ಗಂಡುಗಳ ಬಯೋಡೇಟಾ ನೋಡಿದ್ದೇನೆ. ಐದರಲ್ಲೂ ಸಂಬಳ, ಎಕರೆ, ಸೈಟು ಇದೆ. ಬಣ್ಣದ ಸಾಲು ಒಂದರಲ್ಲೂ ಇಲ್ಲ. ನಮ್ಮ ಹುಡುಗಿಯ ಬಯೋಡೇಟಾದಲ್ಲಿ ಹೆಸರು, ಹುಟ್ಟಿದ ದಿನ ಆದ ಮೇಲೆ ಮೂರನೇ ಸಾಲೇ ಬಣ್ಣ. ಅವಳ ಸಂಬಳ ಒಂಬತ್ತನೇ ಸಾಲಿನಲ್ಲಿದೆ. ಹಾಗಾಗಿ ಸುಮ್ನಿರಿ.

ಫೋಟೊ ಬಿಳಿ ಮಾಡಿದರೆ ಕಾಗದ ಹಾಳು, ಅಷ್ಟೇ. ಮುಖವನ್ನೇ ಬಿಳಿ ಮಾಡಲು ಹೋದವರನ್ನು ನೋಡಿದ್ದೇನೆ. ನಮ್ಮ ಓಣಿಯ ಒಬ್ಬಳು ಮದುವೆಗೆ ಮೂರು ತಿಂಗಳು ಇರುವಾಗ ಯಾರೋ ಹೇಳಿದರು ಅಂತ ಮೆಡಿಕಲ್ ಶಾಪಿನಿಂದ ಒಂದು ಟ್ಯೂಬ್ ತಂದು ಹಚ್ಚಿಕೊಂಡಳು. ಮೊದಲ ತಿಂಗಳು ಓಣಿಗೆ ಓಣಿಯೇ ಅವಳನ್ನು ಹೊಗಳಿತು. ಅದರಲ್ಲಿ ಇದ್ದದ್ದು ಸ್ಟಿರಾಯ್ಡ್. ಚರ್ಮ ತೆಳ್ಳಗಾಯಿತು, ಗುಳ್ಳೆ ಎದ್ದವು, ಬಿಸಿಲಿಗೆ ಹೋದರೆ ಕೆಂಡ ಮುಟ್ಟಿದ ಹಾಗೆ ಉರಿ. ಬಿಟ್ಟರೆ ಇನ್ನೂ ಜಾಸ್ತಿ ಆಗುತ್ತೆ, ಅದಕ್ಕೇ ಬಿಡೋಕೂ ಹೆದರಿಕೆ. ಇಂಥ ಹಲವು ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಕೇಂದ್ರ ಸರ್ಕಾರ 2018ರಲ್ಲೇ ಹೇಳಿದೆ. ಮಾರುವವರ ಮಾತು ಬಿಡಿ, ಕೊಳ್ಳುವ ನಾವೇ ಚೀಟಿ ಇಲ್ಲದೆ ಹೋಗಿ "ಅದೇ ಟ್ಯೂಬ್ ಕೊಡ್ರಿ" ಅಂತೀವಿ. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯಿತು. ಇಲ್ಲಿ ಸಾದಗಪ್ಪು ಎಣ್ಣೆಗೆಂಪು ಆದ ಹಾಗೆ.

ಮತ್ತೆ ಸ್ಟುಡಿಯೊಗೆ ಬರ್ತೀನಿ. ಕೂಗಾಡಿದ ಮೇಲೆ ಆ ಹುಡುಗ ಮುಖ ಊದಿಸಿಕೊಂಡೇ ಮೊದಲಿನ ಫೋಟೊ ತೆಗೆದು ಪ್ರಿಂಟ್ ಹಾಕಿಕೊಟ್ಟ. ಅದರಲ್ಲಿ ನಮ್ಮ ಹುಡುಗಿ ನಮ್ಮ ಹುಡುಗಿಯೇ ಆಗಿದ್ದಳು. ಸೆರಗೂ ಕೆಂಪಗಿತ್ತು. ಗೆದ್ದೆ ಅಂದುಕೊಂಡು ಮನೆಗೆ ಬಂದೆ.

ಇವತ್ತು ಬೆಳಿಗ್ಗೆ ಅಕ್ಕನ ಫೋನು. ಸ್ಟುಡಿಯೊದವನು ಶನಿವಾರವೇ ಆ ಬಿಳಿ ಫೋಟೊವನ್ನು ವಾಟ್ಸಾಪಿನಲ್ಲಿ ಅವಳಿಗೆ ಕಳಿಸಿದ್ದನಂತೆ. ಅವಳು ಅದನ್ನೇ ಗಂಡಿನ ಕಡೆಯವರಿಗೆ ಕಳಿಸಿಯೂ ಆಗಿದೆ. ಮಗಳನ್ನೂ ಕೇಳಿಲ್ಲ, ನನ್ನನ್ನೂ ಕೇಳಿಲ್ಲ. ಅವರಿಗೆ ಬಹಳ ಹಿಡಿಸಿದೆಯಂತೆ, ಬರುವ ಭಾನುವಾರ ನಾಲ್ಕು ಗಂಟೆಗೆ ಹೆಣ್ಣು ನೋಡಲು ಬರ್ತಾರಂತೆ. ಈಗ ಅಕ್ಕನ ಚಿಂತೆ ಏನು ಗೊತ್ತಾ? ಪಡಸಾಲೆಗೆ ಬಿಳಿ ಟ್ಯೂಬ್‌ಲೈಟ್ ಹಾಕಿಸಬೇಕೋ, ಹಳದಿ ಬಲ್ಬ್ ಹಾಕಿಸಬೇಕೋ. ಯಾವುದರಲ್ಲಿ ಹುಡುಗಿ ಕೆಂಪಗೆ ಕಾಣ್ತಾಳೆ? ವಿಜ್ಞಾನದ ಟೀಚರ್ ಅಲ್ವಾ, ನಾನೇ ಹೇಳಬೇಕಂತೆ.

ಏನು ಹೇಳಬೇಕೋ ತೋಚದೆ ಹುಡುಗಿಗೇ ಫೋನ್ ಮಾಡಿದೆ. ಲ್ಯಾಬಿನಲ್ಲಿದ್ದಳು, ಹಿಂದೆ ಯಾರೋ ರೈತರು ಗಟ್ಟಿಯಾಗಿ ಮಾತಾಡ್ತಿದ್ದರು. ಎಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದಳು.

"ಲೈಟ್ ಯಾಕ ಚಿಕ್ಕಮ್ಮ? ಅಂಗಳದಾಗ ಕುರ್ಚಿ ಹಾಕಸು. ನಾಲ್ಕಕ್ಕ ಬಿಸಿಲು ಚಂದ ಇರ್ತದ."