ಗೇಮ್ ಮುಗಿಯುವ ಮೊದಲೇ ಊರಿಗೆ ಸಾರಬೇಕೇ?

ತುಮಕೂರಿನ ಒಂದೇ ಮನೆಯಲ್ಲಿ ಅಕ್ಕ ಮತ್ತು ತಮ್ಮ ಸೇರಿ ಮೂರು ವರ್ಷದಿಂದ ಒಂದು ಚಿಕ್ಕ ವಿಡಿಯೊ ಗೇಮ್ ಮಾಡುತ್ತಿದ್ದಾರೆ. ಚಿಕ್ಕನಾಯಕನಹಳ್ಳಿ ಕಡೆಯ ಹಳ್ಳಿಯೊಂದರಿಂದ ತಂದೆ ಮತ್ತು ಮಗಳು ಹಳ್ಳಿಕಾರ್ ಎತ್ತಿನ ಜೋಡಿಯನ್ನು ನಡೆಸಿಕೊಂಡು ಸಿದ್ಧಗಂಗೆಯ ದನಗಳ ಜಾತ್ರೆಗೆ ಹೋಗುತ್ತಾರೆ. ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸಿ ಜೋಡಿಯನ್ನು ಮಾರುತ್ತಾರೆ. ಗೇಮ್ ಅಷ್ಟೇ. ಅದು ಮುಗಿಯುವ ಮೊದಲೇ ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಪುಟ ತೆರೆದು ಪ್ರಚಾರ ಶುರು ಮಾಡಬೇಕೇ ಎಂಬ ವಿಷಯಕ್ಕೆ ಇಬ್ಬರ ನಡುವೆ ಒಮ್ಮತವಿಲ್ಲ. ಇಬ್ಬರೂ ಇಲ್ಲಿ ತಮ್ಮ ತಮ್ಮ ಮಾತು ಬರೆದಿದ್ದಾರೆ.

ಪರ: ಜಾತ್ರೆಗೆ ಮೊದಲೇ ಡಂಗುರ ಬೇಕು
(ಚಿತ್ರ ಬರೆಯುವ ಅಕ್ಕ)

2025ರ ಶಿವರಾತ್ರಿಯ ವಾರ ಸಿದ್ಧಗಂಗೆಯ ಜಾತ್ರೆಗೆ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗಿದ್ದೆ. ದನ ಕಟ್ಟಿದ ಬಯಲಿನಲ್ಲಿ ಒಂದು ಮರದ ನೆರಳು ಹುಡುಕಿ, ಹುಲ್ಲಿನ ಪಿಂಡಿಯ ಮೇಲೆ ಅದನ್ನು ಇಟ್ಟು, ಹೋಗಿ ಬರುವವರನ್ನು ಕರೆದು ಆಡಿಸಿದೆ. ತಮ್ಮ ಬರಲಿಲ್ಲ. ಅರ್ಧಂಬರ್ಧ ಆಗಿರುವುದನ್ನು ತೋರಿಸುವುದು ಅವನಿಗೆ ಸೇರುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹಿರಿಯ ದಲ್ಲಾಳಿಯೊಬ್ಬರು ಬಂದು ಕುಕ್ಕರಗಾಲಿನಲ್ಲಿ ಕುಳಿತರು. ವ್ಯಾಪಾರದ ದೃಶ್ಯ ಬಂತು. ಪರದೆಯ ಮೇಲೆ ಟವೆಲ್, ಅದರ ಕೆಳಗೆ ಎರಡು ಕೈಗಳು, ಬೆರಳು ಮಡಚುವುದು, ಬಿಚ್ಚುವುದು, ಎಲ್ಲ ಕಾಣುವಂತೆ ಬಹಳ ಅಕ್ಕರೆಯಿಂದ ಬರೆದಿದ್ದೆ. ಅವರು ಸ್ವಲ್ಪ ಹೊತ್ತು ನೋಡಿ, "ಕೈ ಯಾಕೆ ತೋರಿಸಿದ್ದೀಯಮ್ಮ? ವ್ಯಾಪಾರದಲ್ಲಿ ಕೈಯನ್ನು ಯಾರೂ ನೋಡುವುದಿಲ್ಲ. ಕೈಗೆ ಕೈ ಮಾತಾಡಿಕೊಳ್ಳುತ್ತದೆ, ಕಣ್ಣು ಎದುರಿನವನ ಮುಖದ ಮೇಲೆ ಇರುತ್ತದೆ" ಎಂದರು. ಹೆಗಲ ಮೇಲಿನ ಟವೆಲ್ ತೆಗೆದು ಪಕ್ಕದಲ್ಲಿದ್ದವರ ಕೈಗೆ ಹೊದಿಸಿ ತೋರಿಸಿಯೂಬಿಟ್ಟರು. ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡುತ್ತಾ ನಿಂತರು, ಟವೆಲ್ ಮಾತ್ರ ಸಣ್ಣಗೆ ಅಲುಗುತ್ತಿತ್ತು.

ಮನೆಗೆ ಬಂದು ಆ ದೃಶ್ಯವನ್ನು ಪೂರ್ತಿ ಅಳಿಸಿದೆ. ಈಗ ಅಲ್ಲಿ ಕೈ ಕಾಣುವುದೇ ಇಲ್ಲ. ಪರದೆ ತುಂಬ ಎದುರಿನ ವ್ಯಾಪಾರಿಯ ಮುಖ. ಬೆರಳಿನ ಲೆಕ್ಕ ಆಡುವವರ ಅಂಗೈಯಲ್ಲಿ, ಕಂಟ್ರೋಲರ್ ಅದುರುವುದರಲ್ಲಿ ತಿಳಿಯುತ್ತದೆ. ನಮ್ಮ ಗೇಮಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಗೇಮ್ ಮುಗಿಯಲಿ ಎಂದು ಬಾಗಿಲು ಹಾಕಿಕೊಂಡು ಕುಳಿತಿದ್ದರೆ ತಪ್ಪು ದೃಶ್ಯವನ್ನೇ ತಿದ್ದಿ ತೀಡಿ ಬಿಡುಗಡೆ ಮಾಡುತ್ತಿದ್ದೆವು.

ಅದೇ ವಾರ ಇನ್ನೊಂದು ಜಾತ್ರೆಯೂ ನಡೆದಿತ್ತು. ಶಿವರಾತ್ರಿ ಫೆಬ್ರುವರಿ 26ಕ್ಕೆ. ಸ್ಟೀಮ್‌ನ ನೆಕ್ಸ್ಟ್ ಫೆಸ್ಟ್ ಫೆಬ್ರುವರಿ 24ರಿಂದ ಮಾರ್ಚ್ 3ರವರೆಗೆ. ಫೆಬ್ರುವರಿ, ಜೂನ್, ಅಕ್ಟೋಬರ್ ಎಂದು ವರ್ಷಕ್ಕೆ ಮೂರು ಸಲ ನಡೆಯುವ ಈ ಹಬ್ಬದಲ್ಲಿ ಇನ್ನೂ ಬಿಡುಗಡೆಯಾಗದ ಗೇಮ್‌ಗಳ ಡೆಮೊವನ್ನು, ಅಂದರೆ ಆಡಿ ನೋಡಲು ಕೊಡುವ ಚಿಕ್ಕ ಭಾಗವನ್ನು, ಜಗತ್ತಿನ ಆಟಗಾರರು ಒಂದು ವಾರ ಉಚಿತವಾಗಿ ಆಡುತ್ತಾರೆ. ಒಂದು ಗೇಮಿಗೆ ಒಂದೇ ಅವಕಾಶ, ಬಿಡುಗಡೆಯಾದ ಮೇಲೆ ಅದೂ ಇಲ್ಲ. ನಮ್ಮ ಪುಟ ತೆರೆದೇ ಇರಲಿಲ್ಲ, ಹಾಗಾಗಿ ಆ ಜಾತ್ರೆಯಲ್ಲಿ ನಾವು ಇರಲಿಲ್ಲ. ಸಿದ್ಧಗಂಗೆಯ ಬಯಲಿನಲ್ಲಿ ಕುಳಿತು ಇದನ್ನು ನೆನೆದು ನನಗೆ ನಿಜವಾಗಿಯೂ ಹೊಟ್ಟೆ ಉರಿಯಿತು.

ಸ್ಟೀಮ್‌ನ ಲೆಕ್ಕ ಸರಳ. ಒಂದು ಗೇಮಿಗೆ 100 ಡಾಲರ್ ಕಟ್ಟಬೇಕು. ಗೇಮ್ 1,000 ಡಾಲರ್ ದುಡಿದ ಮೇಲೆ ಅದು ವಾಪಸ್ ಬರುತ್ತದೆ. ಹಣ ಕಟ್ಟಿದ ಮೇಲೆ 30 ದಿನ ಕಾಯಬೇಕು, 'ಶೀಘ್ರದಲ್ಲೇ' ಎಂಬ ಪುಟ ಕನಿಷ್ಠ ಎರಡು ವಾರ ತೆರೆದಿರಬೇಕು. ತಮ್ಮ ಈ ಎರಡು ವಾರವೇ ಸಾಕು ಎನ್ನುತ್ತಾನೆ. ಆದರೆ 2024ರೊಂದರಲ್ಲೇ ಸ್ಟೀಮ್‌ಗೆ 18,000ಕ್ಕೂ ಹೆಚ್ಚು ಗೇಮ್‌ಗಳು ಬಂದವು, ದಿನಕ್ಕೆ ಸುಮಾರು 50. ಆ ಸಂತೆಯಲ್ಲಿ ಎರಡು ವಾರಕ್ಕೆ ನಮ್ಮ ಎತ್ತನ್ನು ಯಾರು ಗುರುತಿಸುತ್ತಾರೆ? ಪುಟ ಒಂದು ವರ್ಷ ತೆರೆದಿದ್ದರೆ ಇವತ್ತು ಇಬ್ಬರು, ನಾಳೆ ನಾಲ್ವರು ವಿಷ್‌ಲಿಸ್ಟ್‌ಗೆ, ಅಂದರೆ ಮುಂದೆ ಕೊಳ್ಳಬೇಕೆಂದು ಗುರುತಿಸಿಡುವ ಪಟ್ಟಿಗೆ, ಹಾಕಿಕೊಳ್ಳುತ್ತಾರೆ. ಬಿಡುಗಡೆಯ ದಿನ ಅಷ್ಟೂ ಜನರಿಗೆ ಸ್ಟೀಮ್ ತಾನಾಗಿಯೇ ಇಮೇಲ್ ಕಳಿಸುತ್ತದೆ. ನಮ್ಮಂತಹವರಿಗೆ ಜಾಹೀರಾತಿಗೆ ಬೇರೆ ಹಣ ಎಲ್ಲಿದೆ?

ಮೊಬೈಲಿಗೆ ಬಿಡುವುದಾದರೆ ಗುಟ್ಟಾಗಿ ಬಿಡಲು ದಾರಿಯೇ ಇಲ್ಲ. ಗೂಗಲ್ ಪ್ಲೇನಲ್ಲಿ ಹೊಸದಾಗಿ ವೈಯಕ್ತಿಕ ಖಾತೆ ತೆರೆದವರು ಬಿಡುಗಡೆಗೆ ಮೊದಲು ಕನಿಷ್ಠ 12 ಜನರ ಕೈಯಲ್ಲಿ 14 ದಿನ ಎಡೆಬಿಡದೆ ಪರೀಕ್ಷೆ ಮಾಡಿಸಿರಬೇಕು. ಮೊದಲು ಇದು 20 ಜನ ಇತ್ತು, 2024ರ ಡಿಸೆಂಬರ್‌ನಲ್ಲಿ 12ಕ್ಕೆ ಇಳಿಸಿದರು. ಯಾರಿಗೂ ಹೇಳದೆ ಮಾಡಿದವರು ಆ ಹನ್ನೆರಡು ಜನರನ್ನು ಎಲ್ಲಿಂದ ತರಬೇಕು? ನಾನು ಬೀದಿಯಲ್ಲಿ, ಶಾಲೆಯಲ್ಲಿ, ಜಾತ್ರೆಯಲ್ಲಿ ಹೇಳಿಕೊಂಡು ತಿರುಗಿದ್ದರಿಂದ ನನ್ನ ಬಳಿ ಇಪ್ಪತ್ತಾರು ಹೆಸರಿನ ಪಟ್ಟಿ ಇದೆ.

ನಮ್ಮದು ಗುಬ್ಬಿ ಕಂಪನಿಯ ಜಿಲ್ಲೆ. 1884ರಲ್ಲಿ ಶುರುವಾದ ಆ ನಾಟಕ ಕಂಪನಿಯ ಹೆಸರು ನಾಡಿಗೆಲ್ಲ ಗೊತ್ತು. ಕಂಪನಿ ನಾಟಕಗಳ ಕಾಲದಲ್ಲಿ ಗಾಡಿ ಕಟ್ಟಿಕೊಂಡು, ವಾದ್ಯ ಬಾರಿಸುತ್ತಾ, ಬೀದಿ ಬೀದಿಗೆ ಕರಪತ್ರ ಹಂಚುತ್ತಿದ್ದರು. ಇವತ್ತಿಗೂ ನಮ್ಮ ಹಳ್ಳಿಗಳಲ್ಲಿ ಕುರುಕ್ಷೇತ್ರ ಆಡುವವರು ತಾಲೀಮು ಮುಗಿಯುವುದಕ್ಕೆ ಮೊದಲೇ ಬಸ್ ನಿಲ್ದಾಣದಲ್ಲಿ ಫ್ಲೆಕ್ಸ್ ಕಟ್ಟುತ್ತಾರೆ, ದುರ್ಯೋಧನನಿಂದ ಹಿಡಿದು ಸಾರಥಿಯವರೆಗೆ ಎಲ್ಲರ ಭಾವಚಿತ್ರ ಹಾಕಿ. ಅದನ್ನು ನೋಡಿದ ಊರು ಆ ರಾತ್ರಿಗಾಗಿ ಕಾಯುತ್ತದೆ. ಕೂಸು ಹುಟ್ಟುವ ಮೊದಲೇ ಕುಲಾವಿ ಎಂದು ತಮ್ಮ ನನ್ನನ್ನು ಛೇಡಿಸುತ್ತಾನೆ. ನಾಟಕದವರಿಗೆ ಯಾರೂ ಹಾಗೆ ಹೇಳುವುದಿಲ್ಲ.

ಇನ್ನೊಂದು ಕಾರಣವೂ ಇದೆ, ಇದು ನನ್ನ ಮನಸ್ಸಿಗೆ ಬಹಳ ಹತ್ತಿರದ್ದು. ಗೇಮ್ ಮಾಡುತ್ತಿದ್ದೇವೆ ಎಂದರೆ ನಮ್ಮ ನೆಂಟರು ಮೊದಲು ಕೇಳುವುದು, "ರಮ್ಮಿಯಾ?" ಎಂದು. ಮೊಬೈಲಿನಲ್ಲಿ ಹಣ ಕಳೆದುಕೊಂಡವರು ಪ್ರತಿ ಬೀದಿಯಲ್ಲೂ ಇದ್ದಾರೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ 2025ರ ಆಗಸ್ಟ್‌ನಲ್ಲಿ ಸಂಸತ್ತಿನಲ್ಲಿ ಅಂಗೀಕಾರವಾದ ಮೇಲೆ, "ನಿಮ್ಮದೂ ನಿಂತುಹೋಯಿತಲ್ಲ" ಎಂದು ಚಿಕ್ಕಮ್ಮ ಫೋನ್ ಮಾಡಿ ಸಮಾಧಾನ ಹೇಳಿದರು. ಗೇಮ್ ಎಂದರೆ ಕಥೆಯೂ ಇರಬಹುದು, ನಮ್ಮ ತಾತನ ಎತ್ತೂ ಇರಬಹುದು ಎಂಬುದನ್ನು ಒಂದು ದಿನದ ಬಿಡುಗಡೆಯಲ್ಲಿ ಹೇಳಲಾಗುವುದಿಲ್ಲ. ತಿಂಗಳುಗಟ್ಟಲೆ ತೋರಿಸುತ್ತಾ ಹೋಗಬೇಕು.

ಸ್ಟಾರ್‌ಡ್ಯೂ ವ್ಯಾಲಿ ಎಂಬ ಹೆಸರಾಂತ ಗೇಮನ್ನು ಎರಿಕ್ ಬರೋನ್ ಒಬ್ಬರೇ ಮಾಡಿದರು ಎಂದು ತಮ್ಮ ಸದಾ ಹೇಳುತ್ತಾನೆ. ಹೌದು. ಆದರೆ 2016ರಲ್ಲಿ ಬಂದ ಆ ಗೇಮನ್ನು ಅವರು 2012ರಲ್ಲೇ ಯಾವ ಗೇಮ್ ಬರಬೇಕೆಂದು ಆಟಗಾರರು ಮತ ಹಾಕುತ್ತಿದ್ದ ಸ್ಟೀಮ್‌ನ ಗ್ರೀನ್‌ಲೈಟ್‌ನಲ್ಲಿ ಜನರ ಮುಂದೆ ಇಟ್ಟಿದ್ದರು. ಪುಣೆಯ ನಾಡಿಂಗ್ ಹೆಡ್ಸ್ ತಂಡದ 'ರಾಜಿ' ಗೇಮ್ 2017ರಲ್ಲಿ, ಜನರಿಂದ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ತಾಣದಲ್ಲಿ, ಹಣದ ಗುರಿ ಮುಟ್ಟಲಿಲ್ಲ, 2020ರಲ್ಲಿ ಬಿಡುಗಡೆಯಾಯಿತು. ಮೊದಲೇ ಸಾರಿ ಸೋತರೂ ಗೇಮ್ ಸಾಯುವುದಿಲ್ಲ. ಮುಂದಿನ ಫೆಬ್ರುವರಿಯ ನೆಕ್ಸ್ಟ್ ಫೆಸ್ಟ್‌ಗೆ ನಮ್ಮ ಡೆಮೊ ಹೋಗಲೇಬೇಕು ಎಂಬುದು ನನ್ನ ಹಟ.

ವಿರೋಧ: ಮೊದಲು ಎತ್ತು ನಡೆಯಲಿ
(ಕೋಡ್ ಬರೆಯುವ ತಮ್ಮ)

ಹಗಲು ನಾನು ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ದಾಸ್ತಾನಿನ ಲೆಕ್ಕ ನೋಡುತ್ತೇನೆ. ಗೇಮಿಗೆ ಸಿಗುವುದು ರಾತ್ರಿ ಒಂಬತ್ತೂವರೆಯಿಂದ ಹನ್ನೊಂದೂವರೆವರೆಗೆ, ಎರಡೇ ಗಂಟೆ. ಪ್ರಚಾರಕ್ಕೆ ಹತ್ತು ಸೆಕೆಂಡಿನ ಒಂದು ವಿಡಿಯೊ ತುಣುಕು ಸಿದ್ಧವಾಗಲು ಮೂರು ರಾತ್ರಿ ಬೇಕು. ಅಕ್ಕ ಚಿತ್ರ ಬರೆಯುತ್ತಾಳೆ ನಿಜ, ಆದರೆ ಆ ತುಣುಕಿಗೆಂದೇ ಬೆಳಕು ಹೊಂದಿಸುವುದು, ಕ್ಯಾಮೆರಾ ಓಡಿಸುವುದು, ಮಧ್ಯೆ ಬರುವ ದೋಷ ಮುಚ್ಚುವುದು ನನ್ನ ಪಾಲು. ಕಳೆದ ವರ್ಷ ಒಂಬತ್ತು ತುಣುಕು ಮಾಡಿದೆವು. ಇಪ್ಪತ್ತೇಳು ರಾತ್ರಿ.

ಅಷ್ಟು ರಾತ್ರಿ ಇದ್ದಿದ್ದರೆ ಏನು ಮಾಡುತ್ತಿದ್ದೆ ಎಂದು ಹೇಳಬಲ್ಲೆ. ಜೋಡಿ ಎತ್ತು ನಡೆಯುವಾಗ ಎರಡರ ಹೆಜ್ಜೆ ಒಂದೇ ಸಲ ಬೀಳುವುದಿಲ್ಲ. ಎಡದ್ದು ಒಂದು ಚೂರು ಮುಂದೆ, ಬಲದ್ದು ಹಿಂದೆ. ಇಳಿಜಾರು ಬಂದರೆ ಅದು ಅದಲು ಬದಲಾಗುತ್ತದೆ. ಕೊರಳ ಗಂಟೆಯ ಸದ್ದು ಹೆಜ್ಜೆಯ ಹಿಂದೆ ಬರುತ್ತದೆ, ಹೆಜ್ಜೆಯ ಜೊತೆಗಲ್ಲ. ಡಾಂಬರು ರಸ್ತೆಯಿಂದ ಮಣ್ಣಿಗೆ ಇಳಿದ ಕೂಡಲೇ ಗೊರಸಿನ ಸದ್ದು ಸತ್ತು ಗಂಟೆಯೊಂದೇ ಉಳಿಯುತ್ತದೆ. ಇದನ್ನು ಕೇಳಿಸಿಕೊಳ್ಳಲು ನಾನು ಸೋದರಮಾವನ ಊರಿನಲ್ಲಿ ಎರಡು ಬೆಳಗಿನ ಜಾವ ರೆಕಾರ್ಡರ್ ಹಿಡಿದು ಎತ್ತಿನ ಹಿಂದೆ ನಡೆದಿದ್ದೇನೆ. ನಮ್ಮ ಗೇಮಿನ ಮುಕ್ಕಾಲು ಪಾಲು ನಡಿಗೆಯೇ. ಆ ಸದ್ದು ಸರಿಯಾಗದೆ ಗೇಮೇ ಇಲ್ಲ. ಪ್ರಚಾರದ ತುಣುಕಿನಲ್ಲಿ ಅದಕ್ಕೆ ಬೆಲೆಯೂ ಇಲ್ಲ, ಏಕೆಂದರೆ ಜನ ಬಸ್ಸಿನಲ್ಲಿ ಮೊಬೈಲಿನ ಸದ್ದು ಮುಚ್ಚಿ ನೋಡುತ್ತಾರೆ. ಪ್ರಚಾರ ಮಾಡುತ್ತಾ ಮಾಡುತ್ತಾ ನಾವು ಕಣ್ಣಿಗೆ ಕಾಣುವುದನ್ನೇ ಬೆಳೆಸುತ್ತಿದ್ದೇವೆ, ಕಿವಿಗೆ ಬೀಳಬೇಕಾದ್ದು ಹಾಗೇ ಬಿದ್ದಿದೆ.

ಅದಕ್ಕಿಂತ ನನ್ನನ್ನು ಹೆದರಿಸಿದ್ದು ಕೆರೆ ಏರಿಯ ಪ್ರಸಂಗ. ಎತ್ತುಗಳು ಬೆದರಿ ಏರಿಯ ಮೇಲೆ ಓಡುವ ದೃಶ್ಯ ಗೇಮಿನಲ್ಲಿ ಒಮ್ಮೆ ಬರುತ್ತದೆ, ಇಪ್ಪತ್ತು ಸೆಕೆಂಡು. ಅಕ್ಕ ಅದನ್ನು ಇನ್‌ಸ್ಟಾಗ್ರಾಮ್‌ಗೆ ಹಾಕಿದಳು. ನಮ್ಮ ಬೇರೆ ಯಾವ ತುಣುಕನ್ನೂ ಅಷ್ಟು ಜನ ನೋಡಿರಲಿಲ್ಲ. ಆಮೇಲೆ ಎಲ್ಲರೂ ಕೇಳುವುದು ಒಂದೇ: ರೇಸ್ ಗೇಮ್ ಯಾವಾಗ ಬರುತ್ತದೆ? ಹಳ್ಳಿಕಾರ್ ಓಟಕ್ಕೆ ಹೆಸರಾದ ತಳಿ, ಅವರು ಕೇಳುವುದರಲ್ಲಿ ತಪ್ಪಿಲ್ಲ. ಆದರೆ ನಾವು ರೇಸ್ ಗೇಮ್ ಮಾಡುತ್ತಿಲ್ಲ. ಒಂದು ವಾರ ಕಳೆದ ಮೇಲೆ ಅಕ್ಕನೇ, "ಇನ್ನೊಂದು ಓಟದ ದೃಶ್ಯ ಸೇರಿಸೋಣವೇ?" ಎಂದಳು. ಆ ರಾತ್ರಿ ನಾನು ಊಟ ಬಿಟ್ಟು ಎದ್ದೆ. ತಂದೆ ಮಗಳು ನಿಧಾನವಾಗಿ ನಡೆಯುವ ಕಥೆಯನ್ನು, ಅದನ್ನು ಇನ್ನೂ ಆಡದವರ ಆಸೆಗೆ ತಿರುಗಿಸಲು ಹೊರಟಿದ್ದೆವು.

ಬಾಯಿಂದ ಬಿಟ್ಟ ಮಾತನ್ನು ವಾಪಸ್ ಪಡೆಯಲಾಗದು. ನೋ ಮ್ಯಾನ್ಸ್ ಸ್ಕೈ ಗೇಮನ್ನು ಹೆಲೋ ಗೇಮ್ಸ್ ಎಂಬ ಚಿಕ್ಕ ತಂಡ 2013ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. 2016ರ ಆಗಸ್ಟ್‌ನಲ್ಲಿ ಬಂದಾಗ, ಹೇಳಿದ್ದು ಎಷ್ಟೋ ಅದರಲ್ಲಿ ಇಲ್ಲವೆಂದು ಜನ ಸಿಟ್ಟಿಗೆದ್ದರು. ಆ ತಂಡ ಬಾಯಿ ಮುಚ್ಚಿ ವರ್ಷಗಟ್ಟಲೆ ಕೆಲಸ ಮಾಡಿ ಹೆಸರು ಮರಳಿ ಗಳಿಸಿತು. ಅವರಿಗೆ ಹಾಗೆ ವರ್ಷಗಟ್ಟಲೆ ದುಡಿಯಲು ಮಾರಾಟದ ಹಣವಿತ್ತು. ನಮಗೆ ಎರಡನೇ ಅವಕಾಶ ಕೊಡುವವರು ಯಾರು? ಹಾಲೋ ನೈಟ್: ಸಿಲ್ಕ್‌ಸಾಂಗ್ ಎಂಬ ಗೇಮ್ 2019ರಲ್ಲಿ ಪ್ರಕಟವಾಗಿ 2025ರ ಸೆಪ್ಟೆಂಬರ್ 4ರಂದು ಬಂತು. ಬಿಡುಗಡೆಯ ದಿನವನ್ನು ಅವರು ಹೇಳಿದ್ದು ಕೇವಲ ಎರಡು ವಾರ ಮೊದಲು. ಆರು ವರ್ಷ ಕಾದ ಜನರ ಕಣ್ಣಿನ ಭಾರ ಹೊತ್ತು ಕೆಲಸ ಮಾಡುವ ಗಟ್ಟಿತನ ನನಗಿಲ್ಲ.

ನಮ್ಮದೇ ಸೋಲನ್ನೂ ಹೇಳುತ್ತೇನೆ. ನಮ್ಮ ಮೊದಲ ತುಣುಕಿನಲ್ಲಿ 'ಹಳ್ಳಿಕಾರ್' ಎಂಬ ಪದದ ಒತ್ತಕ್ಷರ ಒಡೆದು 'ಹಳ್‌ಳಿಕಾರ್' ಎಂದು ಮೂಡಿತ್ತು. ಆಗ ಬಳಸುತ್ತಿದ್ದ ಎಂಜಿನ್‌ಗೆ, ಅಂದರೆ ಗೇಮ್ ಕಟ್ಟುವ ತಂತ್ರಾಂಶಕ್ಕೆ, ಕನ್ನಡದ ಅಕ್ಷರ ಜೋಡಿಸಲು ಬರುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು, ಮುಂದೆ ಸರಿಪಡಿಸಿದರಾಯಿತು ಎಂದುಕೊಂಡಿದ್ದೆ. ಕನ್ನಡದಲ್ಲಿ ಗೇಮ್ ಮಾಡುತ್ತೇವೆ ಎಂದು ಹೊರಟವರ ಮೊದಲ ಮುಖವೇ ಹಾಗೆ ಕಂಡಿತು. ನೋಡಿದವರು ನಕ್ಕರು, ನಗುವ ಹಕ್ಕು ಅವರಿಗಿತ್ತು. ಆಮೇಲೆ ನಾವು ಗೊಡೊ 4 ಎಂಬ ಎಂಜಿನ್‌ಗೆ ಹೋದೆವು. 2023ರ ಮಾರ್ಚ್‌ನಲ್ಲಿ ಬಂದ ಆ ಆವೃತ್ತಿ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುತ್ತದೆ, ಅದಕ್ಕೆ ಕಾಸೂ ಕೊಡಬೇಕಿಲ್ಲ. ಈಗ ಒತ್ತಕ್ಷರ ತನ್ನ ಜಾಗದಲ್ಲಿ ಕೂರುತ್ತದೆ. ಆದರೂ ಆ ಒಡೆದ ಪದದ ಚಿತ್ರ ಇನ್ನೂ ಅಲ್ಲಲ್ಲಿ ಸುತ್ತುತ್ತಿದೆ.

ಅಕ್ಕನ ಜಾತ್ರೆಯ ಮಾತಿಗೆ ನಾನು ತಲೆಬಾಗುತ್ತೇನೆ. ಆ ದಿನ ನಾನೂ ಹೋಗಬೇಕಿತ್ತು. ಹುಲ್ಲಿನ ಪಿಂಡಿಯ ಪಕ್ಕದಲ್ಲಿ ಕುಳಿತು ಒಬ್ಬರಿಗೆ ಆಡಿಸುವುದಕ್ಕೂ ಅಂಗಡಿಯಲ್ಲಿ ಬೋರ್ಡ್ ಹಾಕುವುದಕ್ಕೂ ವ್ಯತ್ಯಾಸವಿದೆ. ಅಲ್ಲಿ ದಲ್ಲಾಳಿ ತಿದ್ದಿದರು, ನಾವು ತಿದ್ದಿಕೊಂಡೆವು, ಯಾರಿಗೂ ಏನನ್ನೂ ಕೊಡುತ್ತೇವೆಂದು ಹೇಳಿರಲಿಲ್ಲ. ಗೂಗಲ್ ಪ್ಲೇ ಕೇಳುವ ಆ ಹನ್ನೆರಡು ಜನರನ್ನೂ ಹಾಗೆಯೇ ಹುಡುಕೋಣ. ಪುಟ ತೆರೆದ ಮೇಲೆ ಬರುವ ಗದ್ದಲ ಬೇರೆ: ಗೇಮ್ ತೆರೆಯುವ ಸಂಕೇತವಾದ ಕೀಯನ್ನು ಉಚಿತವಾಗಿ ಕೊಡಿ ಎಂದು ದೊಡ್ಡ ಯೂಟ್ಯೂಬರ್‌ಗಳ ಹೆಸರಿನಲ್ಲಿ ಬರುವ ನಕಲಿ ಪತ್ರಗಳು, ಹಣ ಕೊಟ್ಟರೆ ಪ್ರಚಾರ ಮಾಡುತ್ತೇವೆ ಎನ್ನುವವರು, ಇವಕ್ಕೆಲ್ಲ ಉತ್ತರಿಸುವುದರಲ್ಲಿ ನನ್ನ ಎರಡು ಗಂಟೆ ಮುಗಿಯುತ್ತದೆ.

ನಮ್ಮ ಗೇಮ್ ಆಡಿ ಮುಗಿಸಲು ಒಂದೂವರೆ ಗಂಟೆ ಸಾಕು. ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಕೇಳಿದವರಿಗೆ ಹಣ ವಾಪಸ್. ಅಂದರೆ ಪೂರ್ತಿ ಆಡಿದವರೂ ಹಿಂದಿರುಗಿಸಬಹುದು. ಅವರು ಹಿಂದಿರುಗಿಸದೆ ಇಟ್ಟುಕೊಳ್ಳಬೇಕಾದರೆ ಕೊನೆಯ ಹತ್ತು ನಿಮಿಷ ಅವರ ಎದೆಯಲ್ಲಿ ಕೂರಬೇಕು. ಯಾವ ವಿಷ್‌ಲಿಸ್ಟ್ ಕೂಡ ಅದನ್ನು ಮಾಡಿಕೊಡುವುದಿಲ್ಲ.

ಆ ಹತ್ತು ನಿಮಿಷ ಇನ್ನೂ ಆಗಿಲ್ಲ. ನಮ್ಮ ತಾತ ಎತ್ತು ಮಾರಿದರೂ ಹಗ್ಗ ಬಿಟ್ಟುಕೊಡುತ್ತಿರಲಿಲ್ಲ. ಹಗ್ಗ ಬಿಚ್ಚಿಕೊಂಡು ಮನೆಗೆ ತರುತ್ತಿದ್ದರು. ಗೇಮಿನ ಕೊನೆಯಲ್ಲೂ ಹಾಗೆಯೇ, ತಂದೆ ಮಗಳು ಖಾಲಿ ಹಗ್ಗ ಹಿಡಿದು ಬಂದ ದಾರಿಯಲ್ಲೇ ಹಿಂದಿರುಗುತ್ತಾರೆ. ಗಂಟೆ ಇಲ್ಲ, ಗೊರಸಿಲ್ಲ, ಎರಡು ಜೊತೆ ಚಪ್ಪಲಿಯ ಸದ್ದು ಮಾತ್ರ. ಅಕ್ಕ ಸ್ಟೀಮ್ ಪುಟದ ಕರಡನ್ನು ಆಗಲೇ ಬರೆದಿಟ್ಟಿದ್ದಾಳೆ, ಚೆನ್ನಾಗಿಯೇ ಇದೆ. ಈ ನಡಿಗೆಯ ಸದ್ದು ನನಗೆ ಸಿಕ್ಕ ರಾತ್ರಿ ಅವಳನ್ನು ಎಬ್ಬಿಸಿ ಕೇಳಿಸುತ್ತೇನೆ, ಪುಟವನ್ನು ಅವಳೇ ತೆರೆಯಲಿ.