ಗುಡುಗು ಸಾವಿರ, ಮಳೆ ನಾಲ್ಕು ಹನಿ

ಹೊಸ ಸೈಲೆನ್ಸರ್ ಹಾಕಿಸಿಕೊಂಡು ಕಾರು ಮನೆಗೆ ಬಂದ ದಿನ ಅಪ್ಪಂದಿರೆಲ್ಲ ಕೇಳುವ ಪ್ರಶ್ನೆ ಒಂದೇ.

"ಏನೋ, ಸೈಲೆನ್ಸರ್ ತೂತು ಬಿದ್ದಿದೆಯಾ?"

"ಇಲ್ಲಪ್ಪಾ, ಹೊಸದು ಹಾಕ್ಸಿದೀನಿ."

"ಹೊಸದೇ ತೂತಾ? ಹಾಗಾದ್ರೆ ಈಗ್ಲೇ ವಾಪಸ್ ಕೊಟ್ಟು ಬಾ."

ಅಪ್ಪನ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಶಬ್ದ ಜೋರಾದಷ್ಟೂ ಗಾಡಿ ಜೋರು ಅನ್ನುವುದಾದರೆ ಹಳೇ ಡೀಸೆಲ್ ಗೂಡ್ಸ್ ಆಟೋವನ್ನು ಯಾರೂ ಹಿಂದಿಕ್ಕಲಾಗುತ್ತಿರಲಿಲ್ಲ.

2013ರಲ್ಲಿ ನಮ್ಮಲ್ಲಿಗೆ ಬಂದ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ ಕಾರನ್ನೇ ತಗೊಳ್ಳಿ. 1.2 ಲೀಟರಿನ ನಾಲ್ಕು ಸಿಲಿಂಡರ್ ಟರ್ಬೊ (ಗಾಳಿಯನ್ನು ಒತ್ತಿ ತುಂಬುವ ಪಂಪು) ಎಂಜಿನ್, 105 ಪಿಎಸ್ (ಅಶ್ವಶಕ್ತಿ) ಶಕ್ತಿ, 175 ಎನ್‌ಎಂ ಟಾರ್ಕ್ (ತಿರುಗಿಸುವ ಬಲ). ಚೆನ್ನಾಗಿ ಓಡುತ್ತದೆ. ಅದೇ ತೊಂದರೆ, ಇನ್ನೊಂಚೂರು ಓಡಲಿ ಅನ್ನಿಸುತ್ತದೆ. ಸಂಬಳ ಬಂದ ವಾರ ಇನ್ನೂ ಜೋರಾಗಿ ಅನ್ನಿಸುತ್ತದೆ.

ಮೊದಲು ಕೈ ಹೋಗುವುದು ಏರ್ ಫಿಲ್ಟರಿಗೆ. ಕಾಫಿ ಫಿಲ್ಟರ್ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನುಣ್ಣನೆ ಪುಡಿಯನ್ನು ಒತ್ತಿ ತುಂಬಿದರೆ ಡಿಕಾಕ್ಷನ್ ಇಳಿಯುವುದೇ ಇಲ್ಲ, ತರಿ ಪುಡಿ ಹಾಕಿದರೆ ಸರ್ರನೆ ಇಳಿದು ನೀರಾಗಿರುತ್ತದೆ. ಕಂಪನಿಯವರು ಕೊಟ್ಟ ಕಾಗದದ ಫಿಲ್ಟರು ನುಣ್ಣನೆ ಜಾತಿ. ಎಣ್ಣೆ ಹಚ್ಚಿದ ಹತ್ತಿಯ ಫಿಲ್ಟರು ತರಿ ಜಾತಿ. ಗಾಳಿ ಸಲೀಸಾಗಿ ಹೋಗುತ್ತದೆ, ಅದರ ಜೊತೆ ಸಣ್ಣ ಧೂಳೂ ಒಂದಿಷ್ಟು ಟಿಕೆಟ್ ಇಲ್ಲದೆ ಹತ್ತುತ್ತದೆ. ದಿನವೂ ಮೆಟ್ರೊ ಕಾಮಗಾರಿಯ ಪಕ್ಕದಲ್ಲೇ ಓಡಾಡುವವರಿಗೆ ಕಾಗದವೇ ವಾಸಿ.

ಹಳೇ ಫಿಲ್ಟರು ನಿಜಕ್ಕೂ ಎಂಜಿನ್ನಿನ ಉಸಿರು ಕಟ್ಟಿಸುತ್ತಿದೆಯೇ? ನೋಡಲು ಗಾರೆ ಮೇಸ್ತ್ರಿಯ ಲೆವೆಲ್ ಪೈಪು ಸಾಕು. ಪಾರದರ್ಶಕ ಪೈಪನ್ನು ಒಂದು ಮೀಟರ್ ಎತ್ತರದ ಹಲಗೆಗೆ 'ಯು' ಆಕಾರದಲ್ಲಿ ಕಟ್ಟಿ, ಅರ್ಧದವರೆಗೆ ನೀರು ತುಂಬಿ, ಬಣ್ಣಕ್ಕೆ ಎರಡು ಚಮಚ ಡಿಕಾಕ್ಷನ್ ಹಾಕಿ. ಒಂದು ತುದಿ ಫಿಲ್ಟರಿಗೂ ಟರ್ಬೊಗೂ ನಡುವಿನ ಕೊಳವೆಗೆ, ಇನ್ನೊಂದು ಬಯಲಿಗೆ. ಕೊಳವೆಗೆ ತೂತು ಕೊರೆಯುವುದಾದರೆ ಬಿಚ್ಚಿ ಹೊರಗಿಟ್ಟೇ ಕೊರೆಯಬೇಕು, ಇಲ್ಲವಾದರೆ ಪ್ಲಾಸ್ಟಿಕ್ ಚೂರು ನೇರ ಟರ್ಬೊಗೆ ನೈವೇದ್ಯ. ಖಾಲಿ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿ. ನೀರಿನ ಮಟ್ಟ ನೋಡುವ ಕೆಲಸ ಪಕ್ಕದ ಸೀಟಿನವರದು. ಎರಡೂ ಕಡೆಯ ಮಟ್ಟಕ್ಕೆ 10 ಸೆಂ.ಮೀ. ವ್ಯತ್ಯಾಸ ಬಂದರೆ, ಫಿಲ್ಟರು ತಿನ್ನುತ್ತಿರುವುದು ವಾತಾವರಣದ ಒತ್ತಡದಲ್ಲಿ ಶೇ 1ರಷ್ಟು ಅಷ್ಟೇ. (ಹಲಗೆ ತೀರಾ ಗಿಡ್ಡವಾದರೆ ಕಾಫಿಯನ್ನು ಎಂಜಿನ್ನೇ ಕುಡಿಯುತ್ತದೆ.)

ಆ ಶೇ 1 ಕೂಡ ಟರ್ಬೊ ಕಾರಿನಲ್ಲಿ ಕೈಗೆ ಸಿಗುವುದು ಅನುಮಾನ. ಇಂತಿಷ್ಟೇ ಒತ್ತಡ ಬೇಕು ಎಂದು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಮೊದಲೇ ಗೊತ್ತುಮಾಡಿಕೊಂಡಿರುತ್ತದೆ. ಗಾಳಿ ಸಲೀಸಾಗಿ ಬಂದರೆ ಟರ್ಬೊ ಆರಾಮಾಗಿ ಅಷ್ಟನ್ನೇ ಕೊಡುತ್ತದೆ, ಹೆಚ್ಚೇನೂ ಕೊಡುವುದಿಲ್ಲ. ಆ ಕಂಪ್ಯೂಟರಿನ ಲೆಕ್ಕ ಬದಲಿಸುವ ರೀಮ್ಯಾಪ್ ಆದಮೇಲೆ ಫಿಲ್ಟರಿನ ಮಾತು. ಅಲ್ಲೂ ಈ ಕಾರಿನ ಡಿಎಸ್‌ಜಿ (ಆಟೊಮ್ಯಾಟಿಕ್) ಗೇರ್‌ಬಾಕ್ಸ್ ತಡೆಯುವ ಟಾರ್ಕಿನ ಮಿತಿ 250 ಎನ್‌ಎಂ ಎಂಬುದು ನೆನಪಿರಲಿ.

ಟರ್ಬೊ ಇಲ್ಲದ ಕಾರಿನವರಿಗೆ ಇದಕ್ಕಿಂತ ಅಗ್ಗದ ದಾರಿಯಿದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 920 ಮೀಟರ್ ಮೇಲಿದೆ. ಇಲ್ಲಿನ ಗಾಳಿಯ ಒತ್ತಡ ಮಂಗಳೂರಿಗಿಂತ ಹತ್ತಿರಹತ್ತಿರ ಶೇ 10 ಕಡಿಮೆ. ಶಿರಾಡಿ ಘಾಟಿ ಇಳಿದರೆ ಸಾಕು, ಯಾವ ಫಿಲ್ಟರೂ ಕೊಡದಷ್ಟು ಪಿಕಪ್ ಪುಕ್ಕಟೆ. ಅದರಲ್ಲಿ ಸ್ವಲ್ಪವನ್ನು ಅಲ್ಲಿನ ಸೆಕೆ ಕಿತ್ತುಕೊಳ್ಳುತ್ತದೆ, ನಷ್ಟ ತುಂಬಲು ನೀರುದೋಸೆ ಇದೆ.

ಹತ್ತಿಯ ಫಿಲ್ಟರೇ ಬೇಕು ಅನ್ನುವವರು ಎಡವುವುದು ಅದನ್ನು ತೊಳೆಯುವ ದಿನ. ಕ್ಲೀನರ್ ಸಿಂಪಡಿಸಿ 10 ನಿಮಿಷ ಬಿಡಬೇಕು, ಒಣಗಲು ಬಿಡಬಾರದು. ನಲ್ಲಿಯ ಸಣ್ಣ ಧಾರೆಯಲ್ಲಿ, ಒಳಗಿನ ಸ್ವಚ್ಛ ಬದಿಯಿಂದ ಕೊಳೆಯ ಬದಿಗೆ ತೊಳೆಯಬೇಕು. ಉಲ್ಟಾ ತೊಳೆದರೆ ಕೊಳೆ ಎಳೆಗಳೊಳಗೇ ಸಂಸಾರ ಹೂಡುತ್ತದೆ. ಒಣಗಿಸುವುದು ನೆರಳಲ್ಲಿ. ಪಂಕ್ಚರ್ ಅಂಗಡಿಯ ಗಾಳಿ ಹೊಡೆದರೆ ಹತ್ತಿ ಹರಿಯುತ್ತದೆ, ಹೇರ್ ಡ್ರೈಯರಿನ ಬಿಸಿಗೆ ಮುದುಡುತ್ತದೆ. ಆಮೇಲೆ ಪ್ರತಿ ಮಡಿಕೆಗೂ ಒಂದೊಂದೇ ಗೆರೆ ಎಣ್ಣೆ, 20 ನಿಮಿಷ ಬಿಟ್ಟು ಬೆಳ್ಳಗೆ ಉಳಿದಲ್ಲಿ ಮಾತ್ರ ಇನ್ನಷ್ಟು. ನಮ್ಮವರು ದೀಪಾವಳಿಯ ಎಣ್ಣೆಸ್ನಾನ ಮಾಡಿಸಿಬಿಡುತ್ತಾರೆ. ಹೆಚ್ಚಾದ ಎಣ್ಣೆ ಹಾರಿಹೋಗಿ, ಒಳಬರುವ ಗಾಳಿಯನ್ನು ಅಳೆಯುವ ಏರ್‌ಫ್ಲೋ ಸೆನ್ಸರ್ ಇರುವ ಕಾರುಗಳಲ್ಲಿ ಅದರ ಬಿಸಿ ತಂತಿಗೆ ಅಂಟುತ್ತದೆ. ಗಾಳಿಯ ಲೆಕ್ಕ ತಪ್ಪಿ ಕಾರು ಮುಗ್ಗರಿಸುತ್ತದೆ. ಫಿಲ್ಟರನ್ನು ಮತ್ತೆ ಕೂರಿಸಿ 500 ಕಿ.ಮೀ. ಓಡಿದ ಮೇಲೆ ಅದರ ಹಿಂದಿನ ಕೊಳವೆಯೊಳಗೆ ಬಿಳಿ ಕರ್ಚೀಫಿನಿಂದ ಒರೆಸಿ ನೋಡಿ. ಮಣ್ಣು ಹತ್ತಿದರೆ ಅಂಚು ಸರಿಯಾಗಿ ಕೂತಿಲ್ಲ.

ಇನ್ನು ಫಿಲ್ಟರಿನ ಡಬ್ಬಿಯನ್ನೇ ಕಿತ್ತೆಸೆದು ಹಾಕುವ ಕೋನ್ ಫಿಲ್ಟರ್. ಸಿಲ್ಕ್ ಬೋರ್ಡ್ ಜಾಮಿನಲ್ಲಿ ನಿಂತಾಗ ಬಾನೆಟ್ಟಿನ ಕೆಳಗೆ 60 ಡಿಗ್ರಿ, ಹೊರಗೆ 30 ಡಿಗ್ರಿ ಎಂದುಕೊಳ್ಳಿ: ಅದು ಎಳೆದುಕೊಳ್ಳುವ ಗಾಳಿ ಶೇ 9ರಷ್ಟು ತೆಳು. ದುಡ್ಡು ಕೊಟ್ಟು ಶಕ್ತಿ ಕಳೆದುಕೊಳ್ಳುವ ಯೋಗ! ತಣ್ಣನೆ ಗಾಳಿ ಬೇಕೆಂದು ಅದನ್ನು ಬಂಪರಿನ ಕೆಳಮೂಲೆಗೆ ಇಳಿಸಿದವರು ಮಳೆಗಾಲದಲ್ಲಿ ಅಂಡರ್‌ಪಾಸ್ ಕಂಡರೆ ಸುತ್ತುದಾರಿ ಹಿಡಿಯಬೇಕು. ಎಂಜಿನ್ನಿನೊಳಗೆ ಹೊಕ್ಕ ನೀರು ಗಾಳಿಯಂತೆ ಕುಗ್ಗುವುದಿಲ್ಲ, ಬದಲಿಗೆ ಪಿಸ್ಟನ್ ಹಿಡಿದ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ನೀರಲ್ಲಿ ನಿಂತುಹೋದ ಕಾರಿಗೆ ಎರಡನೇ ಸಲ ಸೆಲ್ಫ್ ಹೊಡೆಯದೆ ತಳ್ಳಿಕೊಂಡು ಬಂದವರ ಎಂಜಿನ್ ಉಳಿದಿರುವುದುಂಟು.

ಸೈಲೆನ್ಸರಿನ ವಿಷಯಕ್ಕೆ ಬಂದರೆ ಎಲ್ಲರಿಗೂ ಮೂರಿಂಚಿನ ಪೈಪೇ ಬೇಕು. ಎರಡಿಂಚಿಗೆ ಹೋಲಿಸಿದರೆ ಅದರ ಬಾಯಿ ಎರಡೂಕಾಲು ಪಟ್ಟು ದೊಡ್ಡದು. 105 ಪಿಎಸ್ ಕಾರಿಗೆ ಅದು ಚಿಕ್ಕ ಮಗುವಿಗೆ ತಾತನ ಪಂಚೆ ಉಡಿಸಿದ ಹಾಗೆ. ಇದಕ್ಕೆ 2ರಿಂದ 2.25 ಇಂಚು ಧಾರಾಳ. 230 ಪಿಎಸ್‌ನ ಆಕ್ಟೇವಿಯಾ ಆರ್‌ಎಸ್ ಇದ್ದವರು 2.5 ಇಂಚಿನಿಂದ ಮೇಲೆ ಯೋಚಿಸಲಿ.

ಆದರೆ ಮನೆಯಲ್ಲಿ ಜಗಳ ತರುವುದು ಪೈಪಿನ ಅಳತೆಯಲ್ಲ, ಗುಂಯ್‌ಗುಡುವಿಕೆ. ನಾಲ್ಕು ಸಿಲಿಂಡರಿನ ಎಂಜಿನ್ 2,400 ಆರ್‌ಪಿಎಮ್‌ನಲ್ಲಿ ತಿರುಗುವಾಗ ಸೆಕೆಂಡಿಗೆ 80 ಸಲ ಸಿಡಿಯುತ್ತದೆ. ಮೈಸೂರು ಹೆದ್ದಾರಿಯಲ್ಲಿ ಕಾಲು ಒಂದೇ ಸಮ ಇಟ್ಟಾಗ ಆ 80 ಹರ್ಟ್ಜ್ ಶ್ರುತಿ ಕ್ಯಾಬಿನ್ನಿನೊಳಗೆ ತಂಬೂರಿಯಂತೆ ಕೂತುಬಿಡುತ್ತದೆ. ಮದ್ದೂರಿಗೆ ಬರುವಷ್ಟರಲ್ಲಿ ಹಿಂದಿನ ಸೀಟಿನ ಅಜ್ಜಿ ವಡೆಗಿಂತ ಮೊದಲು ತಲೆನೋವಿನ ಮಾತ್ರೆ ಕೇಳುತ್ತಾರೆ. ಇದಕ್ಕೆ ಮದ್ದು, ಹೊಗೆ ಪೈಪಿನ ಪಕ್ಕಕ್ಕೆ ಜೋಡಿಸುವ, ಒಂದು ತುದಿ ಮುಚ್ಚಿದ ಅಡ್ಡಪೈಪು. ಅದರೊಳಗೆ ಹೋಗಿ ತಿರುಗಿ ಬಂದ ಶಬ್ದ ಅದೇ ಶ್ರುತಿಯ ಶಬ್ದವನ್ನು ಅಳಿಸುತ್ತದೆ. 300 ಡಿಗ್ರಿ ಬಿಸಿಯ ಹೊಗೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 480 ಮೀಟರ್. ಅದನ್ನು 80ರ ನಾಲ್ಕರಷ್ಟರಿಂದ ಭಾಗಿಸಿದರೆ ಪೈಪಿನ ಉದ್ದ 1.5 ಮೀಟರ್. ಪೋಲೋ ಹೊಟ್ಟೆಯ ಕೆಳಗೆ ಅಷ್ಟು ಜಾಗ ಹುಡುಕುವುದಕ್ಕಿಂತ ನಡುವಿನ ರೆಸೊನೇಟರನ್ನು (ಗುಂಯ್‌ಗುಡುವಿಕೆ ತಗ್ಗಿಸುವ ಡಬ್ಬಿ) ಹಾಗೇ ಬಿಟ್ಟು ಹಿಂದಿನ ಡಬ್ಬಿ ಮಾತ್ರ ಬದಲಿಸುವುದು ಜಾಣತನ.

ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್, ಅಂದರೆ ಕ್ಯಾಟ್, ತೆಗೆಸುವ ಸಲಹೆ ಕೊಡುವವರು ಎಲ್ಲ ಗ್ಯಾರೇಜಿನ ಬಾಗಿಲಲ್ಲೂ ಒಬ್ಬರು ನಿಂತಿರುತ್ತಾರೆ. ತೆಗೆಸಿದರೆ ಹಿಂದಿನ ಆಕ್ಸಿಜನ್ ಸೆನ್ಸರ್ ಚಾಡಿ ಹೇಳುತ್ತದೆ, ಪಿ0420 ಕೋಡಿನೊಂದಿಗೆ ಚೆಕ್ ಎಂಜಿನ್ ದೀಪ ಹತ್ತುತ್ತದೆ. ಎಮಿಷನ್ ಟೆಸ್ಟಿನಲ್ಲಿ ಫೇಲಾಗುವ ಭಯ ಬೇರೆ. ಮೋಟಾರು ವಾಹನ ಕಾಯ್ದೆಯ 190(2)ನೇ ಕಲಂ ಪ್ರಕಾರ ಹೊಗೆ, ಶಬ್ದದ ಮಿತಿ ಮೀರಿದರೆ 10,000 ರೂಪಾಯಿವರೆಗೆ ದಂಡ, 3 ತಿಂಗಳವರೆಗೆ ಜೈಲು, ಅಥವಾ ಎರಡೂ. ಬೈಕುಗಳ ಕರ್ಕಶ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ಪೊಲೀಸರು ರೋಡ್ ರೋಲರ್ ಹತ್ತಿಸುವುದನ್ನು ನಮ್ಮ ಊರುಗಳು ಕಂಡಿವೆ.

ಜೋಡಿಸುವಾಗ ಒಂದು ಮಾತು. ಎರಡು ಮೀಟರ್ ಸ್ಟೀಲ್ ಪೈಪು 300 ಡಿಗ್ರಿ ಕಾದರೆ ಸುಮಾರು 1 ಸೆಂ.ಮೀ. ಉದ್ದವಾಗುತ್ತದೆ. ತಣ್ಣಗಿದ್ದಾಗ ಬಂಪರಿಗೆ ಅಂಟಿಸಿದಂತೆ ಕೂರಿಸಿದ್ದು ಬಿಸಿಯಾದಾಗ ಟಕಟಕ ಬಡಿಯುತ್ತದೆ. ಎಲ್ಲ ಕ್ಲ್ಯಾಂಪನ್ನೂ ಮೊದಲು ಸಡಿಲವಾಗಿ ಹಾಕಿ, ಹ್ಯಾಂಗರ್ ರಬ್ಬರಿಗೆ ಹೊಂದಿಸಿ, ಆಮೇಲೆ ಬಿಗಿ ಮಾಡಬೇಕು. ನೆಲಕ್ಕೂ ಪೈಪಿಗೂ ಎಷ್ಟು ಅಂತರವಿದೆ ಎಂದು ಅಳೆಯುವಾಗ ಕಾರಿನಲ್ಲಿ ಐದು ಜನರನ್ನು ಕೂರಿಸಿ. ನಮ್ಮ ಬೀದಿಯ ಹಂಪುಗಳು ಖಾಲಿ ಕಾರನ್ನು ನೆನೆದು ಕಟ್ಟಿದವಲ್ಲ.

ಬಿಚ್ಚಿದ ಹಳೇ ಸೈಲೆನ್ಸರನ್ನು ಗುಜರಿಗೆ ಕೊಡಬೇಡಿ. ಕಾರು ಮಾರುವಾಗ ಬೇಕಾಗುತ್ತದೆ. ಎರಡೂ ಬಾಯಿಗೆ ಹಳೇ ಬನಿಯನ್ ತುರುಕಿ ಅಟ್ಟಕ್ಕೆ ಹಾಕಿ, ಇಲ್ಲವಾದರೆ ಇಲಿ ಬಾಣಂತನಕ್ಕೆ ಬರುತ್ತದೆ. ಮತ್ತೆ ಹಾಕುವ ದಿನ ಬನಿಯನ್ ತೆಗೆಯುವುದನ್ನು ಮರೆತರೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ಸೈಲೆನ್ಸರ್ ಹೆಸರಿಗೆ ತಕ್ಕಂತೆ ಕೆಲಸ ಮಾಡುವುದು ಅವತ್ತು ಮಾತ್ರ.