ಬಾಬಿ ಬ್ಲಾಂಡ್‌ಗೆ ಶುಂಠಿ ಕಷಾಯ

ಭಾನುವಾರ ಬೆಳಿಗ್ಗೆ ಹುರುಳಿಕಾಯಿ ನಾರು ತೆಗೆಯುತ್ತಾ ಮೊಬೈಲಿನಲ್ಲಿ ಅಮೆರಿಕದ ಕಪ್ಪು ಜನರ ಬ್ಲೂಸ್ ಹಾಡು ಹಾಕಿಕೊಂಡು ಕೂತಿದ್ದೆ. ಒಂದು ಗಿಟಾರು, ಹೆಂಡತಿ ಬಿಟ್ಟುಹೋದ ಗಂಡನ ಗೋಳು, ಬ್ಲೂಸ್ ಅಂದ್ರೆ ಇಷ್ಟೇ ಅಂತ ನನ್ನ ಲೆಕ್ಕ. ಹಾಡು ಮುಗಿದದ್ದೇ ಮೊಬೈಲು ತಾನಾಗಿ ಇನ್ನೊಂದು ಶುರುಮಾಡಿತು. ಮದುವೆಮನೆ ವಾಲಗದ ಹಾಗೆ ಟ್ರಂಪೆಟ್, ಸ್ಯಾಕ್ಸೊಫೋನುಗಳ ದಂಡು. ಅದರ ಮೇಲೆ ಬೆಣ್ಣೆಯಂಥ ಗಂಡುದನಿ. ಹಾಯಾಗಿ ಹಾಡುತ್ತಿದ್ದ ಮನುಷ್ಯ ಇದ್ದಕ್ಕಿದ್ದಂತೆ 'ಘ್ರ್ರಾಆ' ಅಂದ.

ಅಮ್ಮ ದೇವರಮನೆಯಿಂದಲೇ ಕೂಗಿದಳು. "ಲೋ, ಗಂಟಲಲ್ಲಿ ಏನು ಸಿಕ್ಕಿಕೊಂಡಿತೋ? ನೀರು ಕುಡಿ!"

"ನಾನಲ್ಲಮ್ಮ, ಬಾಬಿ ಬ್ಲಾಂಡ್."

"ಯಾರಾದರೇನು, ಕಫ ಕಟ್ಟಿದೆ."

ಬ್ಲೂಸ್‌ನ ಗೋಳಿಗೆ ಚರ್ಚಿನ ಕೂಗು ಬೆರೆಸಿದರೆ 'ಸೋಲ್ ಬ್ಲೂಸ್', ಬ್ಲಾಂಡ್‌ನದು ಅದೇ ದಾರಿ. ಆಮೇಲೆ ಅದೇ ದಾರಿಯ ಗಾಯಕರಾದ ಝಡ್. ಝಡ್. ಹಿಲ್, ಜಾನಿ ಟೇಲರ್ ಎಲ್ಲರನ್ನೂ ಕೇಳಿದೆ. ಆದರೆ ಮನಸ್ಸು ತಿರುಗಿ ತಿರುಗಿ ಹೋಗುತ್ತಿದ್ದದ್ದು 1961ರಲ್ಲಿ ಹ್ಯೂಸ್ಟನ್ನಿನ ಡ್ಯೂಕ್ ಕಂಪನಿ ತಂದ ಬ್ಲಾಂಡ್‌ನ 'ಟೂ ಸ್ಟೆಪ್ಸ್ ಫ್ರಮ್ ದ ಬ್ಲೂಸ್' ಆಲ್ಬಮ್ಮಿಗೇ. ಗಿಟಾರು ಹಿಡಿಯದೆಯೇ ಬ್ಲೂಸ್ ದೊರೆಯಾದ ಪುಣ್ಯಾತ್ಮ! ಎತ್ತರದ ಸಣ್ಣ ದನಿ ಕೈಕೊಟ್ಟಮೇಲೆ ಆ 'ಘ್ರ್ರಾ'ವನ್ನು ರೂಢಿ ಮಾಡಿಕೊಂಡನಂತೆ.

ಅವನಿಗೆ ಬಂದದ್ದು ನನಗ್ಯಾಕೆ ಬರಬಾರದು? ಬಚ್ಚಲುಮನೆ ಬಾಗಿಲು ಹಾಕಿಕೊಂಡು, ನಲ್ಲಿ ಜೋರಾಗಿ ಬಿಟ್ಟು, ಹತ್ತು ಹನ್ನೆರಡು ಸಲ ಘರ್ಜಿಸಿದೆ. ಮೊದಲೆರಡು ಚೆನ್ನಾಗೇ ಬಂದವು ಅಂತ ಈಗಲೂ ನನ್ನ ವಾದ.

ಸೋಮವಾರ ದನಿಯೇ ಇಲ್ಲ. ಆಟೋದವರಿಗೆ "ಬಲಕ್ಕೆ" ಅನ್ನಲು ಹೋದರೆ ಬರೀ ಗಾಳಿ ಬಂತು. ಆಟೋ ನೇರ ಹೋಯಿತು. ಬೆನ್ನು ತಟ್ಟಿ ತಿರುಗಿಸುವಷ್ಟರಲ್ಲಿ ಮೀಟರು ಇಪ್ಪತ್ತು ರೂಪಾಯಿ ಏರಿತ್ತು.

ಗಂಟಲಿನ ಡಾಕ್ಟರು ಟಾರ್ಚ್ ಬಿಟ್ಟು ನೋಡಿದರು. "ಮೇಷ್ಟ್ರಾ?"

ಇಲ್ಲ ಅಂತ ತಲೆಯಾಡಿಸಿದೆ.

"ಮತ್ತೆ ಹೇಗೆ ಮಾಡಿಕೊಂಡ್ರಿ?"

"ಬ್ಲೂಸ್," ಪಿಸುಗುಟ್ಟಿದೆ.

"ಬ್ಲೌಸಾ? ಓಹೋ, ಬಟ್ಟೆ ವ್ಯಾಪಾರ. ಕೂಗಿ ಕೂಗಿ ಹೀಗಾಗಿದೆ. ಮೂರು ದಿನ ಮಾತು ಬೇಡ."

ತಿದ್ದಲು ದನಿಯೆಲ್ಲಿತ್ತು? ಅಂಗಡಿ ಎಲ್ಲಿ ಅಂತ ಅವರು ಕೇಳಲಿಲ್ಲ, ಅದೇ ಪುಣ್ಯ.

ಮನೆಯಲ್ಲಿ ಶುಂಠಿ ಕಷಾಯ ತಯಾರಾಗಿತ್ತು. ಬ್ಲಾಂಡ್ ಈ 'ಘ್ರ್ರಾ' ವಿದ್ಯೆ ಕಲಿತದ್ದು ಸಿ. ಎಲ್. ಫ್ರಾಂಕ್ಲಿನ್ ಎಂಬ ಪಾದ್ರಿಯ ಪ್ರವಚನ ಕೇಳಿ, ಆ ಪಾದ್ರಿ ಗಾಯಕಿ ಅರೀಥಾ ಫ್ರಾಂಕ್ಲಿನ್ನಳ ಅಪ್ಪ ಅಂತ ಹಾಳೆಯಲ್ಲಿ ಬರೆದು ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಓದಿದವಳ ಮುಖ ಅರಳಿತು.

"ಪ್ರವಚನವಾ? ಮೊದಲೇ ಹೇಳಬಾರದಾ? ನಮ್ಮೂರ ಹರಿಕಥೆ ದಾಸರು ನರಸಿಂಹ ಕಂಬ ಒಡೆದು ಬರುವಾಗ ಹೀಗೇ ಅನ್ನೋರು. ಮುಂದೆ ಕೂತ ಮಕ್ಕಳು ಹೆದರಿ ಅಳೋವು. ಹಾಕು ನೋಡೋಣ."

ಹಾಕಿದೆ. ಅಮ್ಮ ಕಣ್ಣುಮುಚ್ಚಿ, ತೊಡೆ ಮೇಲೆ ತಾಳ ಹಾಕುತ್ತಾ ಕೂತಳು. "ಈಗ ಬರ್ತದೆ," ಅಂದಳು. ಬಂತು.

"ನೋಡು, ಹೊಟ್ಟೆಯಿಂದ ತೆಗೀತಾನೆ," ಅಂತ ಕಷಾಯದ ಲೋಟ ನನ್ನ ಕಡೆ ತಳ್ಳಿದಳು. "ಅವನಿಗೆ ಬೇಡ, ನೀನು ಕುಡಿ."